ಪಲ್ಯ ಕದಿಯುವ ಭಾವ

ಮೊನ್ನೆ ತ್ಯಾಗಲಿಯ ನೆಂಟರ ಮನೆಯ ಗೃಹಪ್ರವೇಶದ ಊಟದಲ್ಲಿ ಏನೇನು ಕೆಡಬಹುದು ಎಂಬುದನ್ನು ನಾನು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಯಲ್ಲಾಪುರದಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದು. ಬಸ್ಸು ಸರಿಯಿದ್ದರೆ ನನ್ನ ಹೊಟ್ಟೆ ಕೆಡಬಹುದು. ಹೋಳಿಗೆಯ ಹೂರಣ ನೀರಾಗಬಹುದು. ಮಗಳ ಮೊಬೈಲಿಗೆ ನೆಟ್‌ವರ್ಕ್ ಸಿಗದೆ ಡಾಕ್ಟರ ಫೋನು ತಪ್ಪಿಹೋಗಬಹುದು. ಫೋನು ಬಂದರೂ ಲ್ಯಾಬಿನವರು ಇನ್ಯಾರದೋ ವರದಿಗೆ ಅವಳ ಹೆಸರು ಅಂಟಿಸಿರಬಹುದು. ಹಾಗೇನೂ ಆಗದೆ ಅವಳದೇ ವರದಿ ಬಂದು, ಅದರಲ್ಲಿ... ಅಷ್ಟು ದೂರ ಹೋದಾಗಲೆಲ್ಲ ನಾನು ಹಿಂದಿರುಗಿ, ಇದ್ದುದರಲ್ಲಿ ಹಗುರಾದ ಚಿಂತೆಯೊಂದನ್ನು ಅಪ್ಪಿಕೊಳ್ಳುತ್ತಿದ್ದೆ: ನಮ್ಮ ಭಾವ ಸಿಕ್ಕಿಬೀಳಬಹುದು.

ಏಕೆಂದರೆ ನಮ್ಮ ಭಾವ ಕಳ್ಳ.

ಬಂಗಾರ, ಬೆಳ್ಳಿ ಅವನಿಗೆ ಬೇಡ. ಅವನು ಕದಿಯುವುದು ಪಲ್ಯ. ಸಿಕ್ಕರೆ ಕೋಸಂಬರಿಯನ್ನೂ ಬಿಡುವುದಿಲ್ಲ. ಭಾವ ಎಂದರೆ ನನ್ನ ಅಕ್ಕನ ಗಂಡ; ಸಿದ್ದಾಪುರದಲ್ಲಿ ಮಿಕ್ಸರ್, ಗ್ರೈಂಡರ್ ರಿಪೇರಿಯ ಅಂಗಡಿ ಇಟ್ಟುಕೊಂಡ ಮರ್ಯಾದಸ್ಥ. ಆದರೆ ನೆಂಟರ ಮನೆಯ ಊಟದಲ್ಲಿ ಪಂಚೆ ಎತ್ತಿಕಟ್ಟಿ ಬಡಿಸಲು ನಿಂತನೆಂದರೆ ಮುಗಿಯಿತು. ಮೊದಲ ಪಂಕ್ತಿ ಕೂರುವಷ್ಟರಲ್ಲಿ ಒಂದು ಪಾತ್ರೆ ಪಲ್ಯ ಮಾಯವಾಗಿರುತ್ತದೆ. ಅಡಗಿಸುವುದು ಬಾಳೆಲೆಯ ರಾಶಿಯ ಕೆಳಗೆ, ವಾದ್ಯದವರ ಪೆಟ್ಟಿಗೆಯ ಹಿಂದೆ, ಒಮ್ಮೆಯಂತೂ ಮದುಮಗಳು ಸೀರೆ ಬದಲಿಸುವ ಕೋಣೆಯಲ್ಲಿ. ಆ ಮದುಮಗಳ ರೇಷ್ಮೆಸೀರೆ ಎರಡು ದಿನ ಬೀನ್ಸಿನ ವಾಸನೆ ಹೊಡೆಯುತ್ತಿತ್ತಂತೆ.

ಆ ಮದುವೆಯ ಅಡಿಗೆ ಕಂತ್ರಾಟಿನವನು ದಾಸನಕೊಪ್ಪದ ಕಡೆಯವನು. ಪಾಪ, ಅವನಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ.

"ಏನ್ರೀ ಯಜಮಾನ್ರ, ಈಗಿನ್ನ ಇಲ್ಲೇ ಇತ್ತಲ್ರೀ ಪಲ್ಯದ ಡಬರಿ? ಕಾಲು ಬಂದು ಎದ್ದು ಹೋತೇನ್ರಿ?"

"ಕಡೇ ಹಂತಿಗೆ ಬತ್ತು, ಹೆದ್ರಡ," ಎಂದನಂತೆ ಭಾವ.

ಹಂತಿ ಎಂದರೆ ಪಂಕ್ತಿ; ಕಡೇ ಪಂಕ್ತಿಗೆ ಪಲ್ಯ ಬರುತ್ತದೆ, ಹೆದರಬೇಡ ಎಂದ ಹಾಗಾಯಿತು. ಕೊನೆಯ ಪಂಕ್ತಿಯ ವಿಷಯ ಇಲ್ಲಿ ಹೇಳಲೇಬೇಕು. ಕಾಲ ಬದಲಾಗಿದೆ, ಈಗ ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೂ ಆ ಮನೆಯ ಹೆಣ್ಣುಮಕ್ಕಳು, ಸೊಸೆಯಂದಿರು, ಬಂದವರ ಕೈಗೆ ನೀರು ಕೊಟ್ಟವರು, ಎಲೆ ತೊಳೆದವರು ಉಣ್ಣುವುದು ಕೊನೆಗೇ. ಅಷ್ಟು ಹೊತ್ತಿಗೆ ತರಕಾರಿ ಎಂಬ ಜಾತಿಯೇ ನಿರ್ನಾಮವಾಗಿರುತ್ತದೆ. ಉಳಿಯುವುದು ಅನ್ನ, ತಳದ ಸಾರು, ಹಪ್ಪಳದ ಚೂರು ಮತ್ತು ಬೇಕಾದಷ್ಟು ಕೇಸರಿಬಾತು. "ಸ್ವೀಟಾದ್ರೂ ತಿನ್ನೆ ತಂಗಿ" ಎಂಬ ಉಪಚಾರ ಬೇರೆ. ಈ ಅನ್ಯಾಯಕ್ಕೆ ನಮ್ಮ ಭಾವ ಕಂಡುಕೊಂಡ ಪರಿಹಾರವೇ ಕಳವು.

ಆ ಕಂತ್ರಾಟಿನವನು ಈಗ ಪಳಗಿದ್ದಾನೆ. ನಮ್ಮ ಕಡೆಯ ಊಟ ಒಪ್ಪಿಕೊಳ್ಳುವಾಗಲೇ, "ಕಳವಿಗೆ ಎಷ್ಟು ಕೆಜಿ ಹಿಡೀಲ್ರಿ?" ಎಂದು ಕೇಳಿಬಿಡುತ್ತಾನೆ.

ಹುಟ್ಟುವಾಗ ಭಾವ ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ತಿನ್ನುತ್ತಿದ್ದ ಸೊಪ್ಪೆಂದರೆ ಒಗ್ಗರಣೆಯ ಕರಿಬೇವು, ಅದನ್ನೂ ಎಲೆಯ ಅಂಚಿಗೆ ತಳ್ಳುತ್ತಿದ್ದ. ಆಮೇಲೆ ನಲವತ್ತು ತುಂಬುವ ಮೊದಲೇ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂತು. ನಮ್ಮಲ್ಲಿ ಆ ಕಾಯಿಲೆಗೆ ಹೆಸರಿಲ್ಲ, 'ಅದು' ಎನ್ನುತ್ತಾರೆ. ಆಪರೇಶನ್ ಆಯಿತು, ಕೂದಲು ಉದುರಿ ಮತ್ತೆ ಬೆಳೆಯಿತು. ಅಕ್ಕ ಈಗ ನನಗಿಂತ ಗಟ್ಟಿಯಾಗಿದ್ದಾಳೆ. ವರ್ಷವರ್ಷ ತಪ್ಪದೆ ತೋರಿಸಿಕೊಳ್ಳುತ್ತಾಳೆ. ಗುಣವಾಗದೆ ಉಳಿದವನು ಭಾವ ಒಬ್ಬನೇ.

ಮಿಕ್ಸರ್ ಹಿಡಿದುಕೊಂಡು ಬಂದ ಹೆಂಗಸರ ಪಾಡು ಕೇಳಬೇಕು. ಭಾವ ಮೊದಲು ನೋಡುವುದು ಮೋಟಾರನ್ನಲ್ಲ. ಜಾರಿನ ಮುಚ್ಚಳ ತೆಗೆದು ಮೂಗನ್ನು ಒಳಗಿಡುತ್ತಾನೆ.

"ಇದ್ರಲ್ಲಿ ಬರೀ ಕಾಯಿಚಟ್ನಿ, ಇಡ್ಲಿಹಿಟ್ಟು. ಒಂದು ಸೊಪ್ಪು ಬಿದ್ದ ವಾಸನೆ ಇಲ್ಲೆ. ಮನೇಲಿ ತಂಬ್ಳಿ ಮಾಡದೇ ಇಲ್ಯ?"

"ಮಿಕ್ಸರ್ ತಿರಗ್ತಿಲ್ಲೆ ಹೇಳಿ ತಂದಿದ್ದು ಮಾರಾಯ!"

"ಎಂತಕ್ಕೆ ತಿರಗ್ತು? ಅದ್ಕೂ ಬೇಜಾರು ಬಂಜು."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳಿಗೆ, ವೈರು ಸುತ್ತುತ್ತಲೇ, ತಿಂಗಳಿಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಇದೆಯೇ ಎಂದು ಕೇಳಿಬಿಟ್ಟ. ಅವಳು ಮಿಕ್ಸರನ್ನು ಕಿತ್ತುಕೊಂಡು ಹೋದವಳು ಇಂದಿನವರೆಗೂ ಒರಳಿನಲ್ಲೇ ರುಬ್ಬುತ್ತಿದ್ದಾಳೆ ಎಂದು ಸುದ್ದಿ. ಅವತ್ತು ಅಕ್ಕ ಅಂಗಡಿಗೇ ಬಂದು ಕಾನೂನು ಮಾಡಿದಳು: "ನಿಂಗ ಜಾರಿನೊಳಗೆ ಎಷ್ಟು ಬೇಕಾದ್ರೂ ಮೂಗು ಹಾಕಿ. ಹೆಂಗಸ್ರಿಗೆ ಹೇಳದು ಯಂಗೆ ಬಿಡಿ." ಅಂದಿನಿಂದ ಸಂಜೆಗಳಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಅಕ್ಕ ಇರುತ್ತಾಳೆ. ಈಗ ಸಿದ್ದಾಪುರದಲ್ಲಿ ಸರಿಯಾಗಿ ತಿರುಗುವ ಮಿಕ್ಸರನ್ನೂ ರಿಪೇರಿಗೆ ತರುವ ಹೆಂಗಸರಿದ್ದಾರೆ.

ನನ್ನ ಮಗಳು ಯಲ್ಲಾಪುರದ ಹತ್ತಿರ ಕನ್ನಡ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ವಯಸ್ಸು ಇಪ್ಪತ್ತೇಳು. ಅವಳಿಗೆ ಎಡಗಡೆ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿದ್ದು ಈ ದೊಡ್ಡಪ್ಪ, ದೊಡ್ಡಾಯಿಯರ ಉಪದೇಶದಿಂದಲೇ. ಅವಳು ಮೊದಲು ಹೇಳಿದ್ದೂ ಅವರಿಗೆ. ಹೆತ್ತ ತಾಯಿ ನನಗೆ ಹೇಳಿದ್ದು ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ ಮೇಲೆ. "ಆಯಿ, ನಿಂಗೆ ಮೊದ್ಲೇ ಹೇಳಿದ್ರೆ ನಿನ್ನನ್ನೇ ಅಡ್ಮಿಟ್ ಮಾಡವಾಗಿತ್ತು," ಎಂದಳು. ಸುಳ್ಳಲ್ಲ. ಹರಕೆಗೆ ಗಂಟೆ ಕಟ್ಟಿಸಿಕೊಳ್ಳುವ ಚಂದಗುಳಿಯ ಗಣಪತಿಗೆ ನಾನು ಆವರೆಗೆ ಹರಕೆ ಹೇಳಿಕೊಂಡ ಗಂಟೆಗಳನ್ನೆಲ್ಲ ಒಟ್ಟಿಗೆ ಕಟ್ಟಿದರೆ ದೇವರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾಗುತ್ತದೆ. ಆ ವಾರ ಇನ್ನೊಂದು ಸೇರಿತು.

ಶಿರಸಿಯ ಡಾಕ್ಟರು ಸೂಜಿ ಹಾಕಿ ತೆಗೆದದ್ದನ್ನು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದರು. ನಾನು ಸುಮ್ಮನಿರದೆ ಕೇಳಿದೆ: ಇವಳು ಸಣ್ಣವಳಿದ್ದಾಗ ಬಹಳ ಬೆಲ್ಲ ತಿನ್ನುತ್ತಿದ್ದಳು, ಅದಕ್ಕೇ ಇರಬಹುದೇ?

"ನೋಡಿ ಅಮ್ಮ, ಇಂಥದ್ದು ತಿಂದದ್ದಕ್ಕೇ ಬಂತು ಅಂತಾಗಲಿ, ಇಂಥದ್ದು ತಿಂದರೆ ಬರೋದೇ ಇಲ್ಲ ಅಂತಾಗಲಿ ಯಾರೂ ಹೇಳೋಕಾಗಲ್ಲ. ಸಣ್ಣ ವಯಸ್ಸಿಂದಲೇ ತರಕಾರಿ, ಹಣ್ಣು, ಕಾಳು ಚೆನ್ನಾಗಿ ತಿಂದ್ರೆ ಅಪಾಯ ಸ್ವಲ್ಪ ಕಡಿಮೆ ಆಗಬಹುದು. ಮೈ ತೂಕ ಹಿಡಿತದಲ್ಲಿರಲಿ, ಹೆಂಡ ದೂರ ಇರಲಿ. ಆದರೆ ಊಟ ಒಂದು ಪಾಲು ಅಷ್ಟೇ. ರಕ್ತಸಂಬಂಧದಲ್ಲಿ ಇದ್ದರೆ ಅದೂ ಒಂದು. ಗಂಟು ಸಿಕ್ಕಿದ ಕೂಡಲೇ ಬಂದ್ರಲ್ಲ, ಅದು ಎಲ್ಲಕ್ಕಿಂತ ಒಳ್ಳೇದು."

ಇಷ್ಟರಲ್ಲಿ ಜೊತೆಗೆ ಬಂದಿದ್ದ ಭಾವನ ಕಿವಿಗೆ ಹೋದದ್ದು ತರಕಾರಿ ಎಂಬ ಒಂದೇ ಶಬ್ದ. ನನ್ನ ಕಿವಿಗೆ ಹೋದದ್ದು ರಕ್ತಸಂಬಂಧ.

ವರದಿ ಬರಬೇಕಾದ ದಿನವೇ ತ್ಯಾಗಲಿಯ ಗೃಹಪ್ರವೇಶ. ಹೊಸ ಮನೆಯಲ್ಲಿ ಎಲ್ಲ ಇತ್ತು, ನೆಟ್‌ವರ್ಕ್ ಒಂದಿರಲಿಲ್ಲ. ಹಿತ್ತಲಿನ ನೀರಿನ ಟಾಂಕಿಯ ಪಕ್ಕ ಕುತ್ತಿಗೆ ಓರೆ ಮಾಡಿ ನಿಂತರೆ ಎರಡು ಕಡ್ಡಿ ಸಿಗುತ್ತಿತ್ತು. ಮಗಳು ಅಲ್ಲಿ ನಿಂತಳು. ಭಾವ ಅವತ್ತು ಕದ್ದ ಪಲ್ಯದ ಪಾತ್ರೆಯನ್ನು ಅದೇ ಟಾಂಕಿಯ ಹಿಂದೆ ಅಡಗಿಸಿ, ಬಡಿಸುವುದನ್ನೂ ಬಿಟ್ಟು, ಅದರ ಪಕ್ಕ ಕಾವಲು ನಿಂತ. ಕಾವಲು ಪಲ್ಯಕ್ಕೋ ಮಗಳಿಗೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳು ಅದುವರೆಗೆ ಹೇಳದ ಒಂದು ಮಾತು ಆಗ ಹೇಳಿದಳು.

"ಯಂಗೆ ಕಾಯ್ಲೆ ಬಂದಾಗ ಡಾಕ್ಟ್ರು ಇವರ ಹತ್ರ ಕೇಳಿದ್ರು. 'ನಿಮ್ಮ ಹೆಂಡತಿ ದಿನಾ ಏನು ಊಟ ಮಾಡ್ತಾರೆ?' ಹೇಳಿ. ಅಷ್ಟು ವರ್ಷದಲ್ಲಿ ಆನು ಉಂಬದನ್ನ ಇವು ಒಂದಿನ ನೋಡಿದ್ದೇ ಇಲ್ಯಲೆ. ಕಡಿಗೆ ಎಂತ ಹೇಳಿದ್ರು ಗೊತ್ತಿದ್ದ? 'ಉಳಿದಿದ್ದು.'"

ಅಕ್ಕ ನಕ್ಕಳು. "ಅದ್ರಿಂದ ಬಂದಿದ್ದಲ್ಲ ಹೇಳಿ ಡಾಕ್ಟ್ರು ನೂರು ಸಲ ಹೇಳಿದ್ರು. ಕೇಳ್ತ್ವಿಲ್ಲೆ."

ಆಗ ಟಾಂಕಿಯ ಕಡೆಯಿಂದ ಮಗಳ ಧ್ವನಿ ಬಂತು. ಅವಳು ಹೇಳುತ್ತಿದ್ದದ್ದು ನಮಗಲ್ಲ, ಪಕ್ಕದಲ್ಲಿದ್ದವನಿಗೆ. "ದೊಡ್ಡಪ್ಪ, ಕ್ಯಾನ್ಸರ್ ಅಲ್ದಡ. ಸಾದಾ ಗಂಟಡ. ಆರು ತಿಂಗ್ಳು ಬಿಟ್ಟು ಮತ್ತೊಂದ್ಸಲ ತೋರ್ಸವು ಹೇಳಿ ಡಾಕ್ಟ್ರು ಹೇಳಿದ್ರು, ಅಷ್ಟೇಯ."

ನಾನು ಅಳುತ್ತ ಓಡಿದೆ. ಭಾವ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟ. ಮರುಗಳಿಗೆ ಟಾಂಕಿಯ ಹಿಂದಿನ ಪಾತ್ರೆಯನ್ನು ಎತ್ತಿಕೊಂಡು, ನೆಟ್ಟಗೆ ಚಪ್ಪರಕ್ಕೆ ನುಗ್ಗಿ, ಕೂತಿದ್ದ ಪಂಕ್ತಿಗೆಲ್ಲ ಪಲ್ಯ ಬಡಿಸತೊಡಗಿದ. ಕೇಳಿದವರಿಗೆ, ಕೇಳದವರಿಗೆ, ಮಜ್ಜಿಗೆ ಉಂಡು ಏಳಲು ಹೊರಟವರಿಗೆ.

"ಸಾಕೋ ಮಾರಾಯ! ಇವತ್ತು ಎಂತ ಆಜೋ ನಿಂಗೆ?"

"ಉಣ್ಣಿ, ಉಣ್ಣಿ," ಎನ್ನುವುದರ ಹೊರತು ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ. ಪಾತ್ರೆಯ ತಳ ಕೆರೆದು ಬಡಿಸಿದ.

ಕೊನೆಯ ಪಂಕ್ತಿಗೆ ನಾವು ಕೂತೆವು. ನನ್ನ ಮಗಳು, ನಾನು, ಅಕ್ಕ. ಅಕ್ಕನ ಪಕ್ಕದಲ್ಲಿ ಒಂದು ಎಲೆ ಎಳೆದುಕೊಂಡು ಭಾವನೂ ಕೂತ. ಅನ್ನ ಬಂತು, ಸಾರು ಬಂತು. ಭಾವ ತನ್ನ ಎಲೆಗೆ ಕೈ ಹಾಕದೆ ಅಕ್ಕನ ಎಲೆಯನ್ನೇ ನೋಡುತ್ತಿದ್ದ.

"ಎಂತ ನೋಡದು?" ಎಂದಳು ಅಕ್ಕ.

"ನೀ ಎಂತ ಉಣ್ತೆ ಹೇಳಿ."

ಬಸ್ಸು ಕೆಡಲಿಲ್ಲ. ಹೂರಣ ನೀರಾಗಲಿಲ್ಲ. ಫೋನು ತಪ್ಪಲಿಲ್ಲ, ವರದಿ ಬದಲಾಗಲಿಲ್ಲ. ಆ ದಿನ ಕೆಟ್ಟದ್ದು ಇಷ್ಟೇ: ಕೊನೆಯ ಪಂಕ್ತಿಗೆ ಪಲ್ಯ ಇರಲಿಲ್ಲ.