ಅಳು ಬಾರದ ಡೈರೆಕ್ಟರು

ಸತ್ತ ಅಪ್ಪನ ಮುಂದೆ ಕೂತು ಅಳಬೇಕಾಗಿದ್ದ ಮಗನಿಗೆ ಜ್ವರ ಬಂದದ್ದೇ ಎಲ್ಲ ಅವಾಂತರಕ್ಕೂ ಮೂಲ. ಮಗ ಎಂದರೆ, ಆ ಪಾತ್ರ ಮಾಡಬೇಕಿದ್ದ ನಟ. ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ, ಎರಡು ಸಲ ನರಳಿ, ಇಟ್ಟೇಬಿಟ್ಟ.

ಹನ್ನೆರಡು ವರ್ಷ ಬೇರೆಯವರ ಧಾರಾವಾಹಿಗಳಲ್ಲಿ ಅಸಿಸ್ಟೆಂಟ್ ಆಗಿ ಸವೆದ ಪ್ರದ್ಯುಮ್ನನಿಗೆ ಮೊದಲ ಸಲ ಅದೃಷ್ಟ ಇಣುಕಿತ್ತು. ನಿರ್ಮಾಪಕ ಸಿದ್ದಪ್ಪಾಜಿ ಹೇಳಿದ್ದರು: “ಶುಕ್ರವಾರ ಹನ್ನೊಂದಕ್ಕೆ ನಿಮ್ಮನೆ ಹತ್ರಾನೇ ಬರ್ತೀನಿ. ನಿಮಗಿಷ್ಟವಾದ ಒಂದು ಸೀನ್ ತೆಗೆದು ತೋರ್ಸಿ. ಆಕ್ಟಿಂಗ್ ಅನ್ನಿಸ್ಬಾರ್ದು. ನನ್ನ ಕಣ್ಣಲ್ಲಿ ನೀರು ಬಂದ್ರೆ ಹೊಸ ಸೀರಿಯಲ್ಲಿಗೆ ನೀವೇ ಡೈರೆಕ್ಟರು!”

ಕಣ್ಣೀರಿಗೆ ಸಾವಿಗಿಂತ ಬೇರೆ ಬೇಕೇ? ಬೋಗಾದಿಯ ಬಾಡಿಗೆ ಮನೆಯ ಮುಂದೆ ಚಟ್ಟ ಸಿದ್ಧವಾಯಿತು. ಹಳೇ ನಾಟಕದ ನಟ ಮರಿಯಯ್ಯ ಬಿಳಿ ಪಂಚೆ ಹೊದ್ದು ಹೆಣವಾದ. ಯಾರೂ ಕ್ಯಾಮೆರಾ ಕಡೆ ನೋಡದಿರಲಿ ಎಂದು ಕ್ಯಾಮೆರಾದ ರಾಜೇಶನನ್ನು ಎದುರುಮನೆ ತಾರಸಿಯ ಟ್ಯಾಂಕಿನ ಹಿಂದೆ ಅಡಗಿಸಿದ್ದಾಯಿತು.

ಅಷ್ಟರಲ್ಲಿ ಎದುರುಮನೆ ಪಾರ್ವತಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

“ಅಯ್ಯೋ, ತಲೆ ದಕ್ಷಿಣಕ್ಕಿರ್ಬೇಕು ಕಣಪ್ಪ! ತಿರುಗ್ಸು!”

ಹೆಣ ತಾನೇ ಎದ್ದು ತಿರುಗಿ ಮಲಗಿತು.

“ಬಾಗಿಲ ಮುಂದೆ ಬೆಂಕಿ ಇಲ್ದೆ ಯಾರು ನಂಬ್ತಾರೆ? ಎಲ್ಲಿ, ಸೌದೆ ತಗೊಂಬನ್ನಿ! ಮಗ ಎಲ್ಲಿ?”

“ಜ್ವರ ಅಂತೆ ಕಣಮ್ಮ,” ಎಂದ ಪ್ರದ್ಯುಮ್ನ.

“ನೀನೇ ಆಗ್ಬುಡು, ಮತ್ತೆ! ಶರಟು ಬಿಚ್ಚು.”

ಹನ್ನೊಂದಕ್ಕೆ ಹೊಗೆ ಬೀದಿ ತುಂಬಿತು. ಬೀದಿಯ ಹೆಂಗಸರು ತಮ್ಮ ತಮ್ಮ ಮನೆಯ ಹಳೇ ಸಾವುಗಳನ್ನೆಲ್ಲ ನೆನೆದು ಮನಸಾರೆ ಅತ್ತರು. ದಾರಿಯಲ್ಲಿ ಹೋಗುತ್ತಿದ್ದ ಹೂವಿನವಳೊಬ್ಬಳು ಒಂದು ಮೊಳ ಹಾಕಿ, ಕೈ ಮುಗಿದು ಹೋದಳು. ಬರಿಮೈಯಲ್ಲಿ ಬೆಂಕಿಯ ಪಕ್ಕ ಕೂತ ಪ್ರದ್ಯುಮ್ನನಿಗೆ ಮಾತ್ರ ಏನು ಮಾಡಿದರೂ ಅಳು ಬರಲೊಲ್ಲದು. ಗೊಳೋ ಎನ್ನುತ್ತಿದ್ದ ಪಾರ್ವತಮ್ಮ ನಡುವೆ ಅಳು ನಿಲ್ಲಿಸಿ ಗದರಿದರು: “ಅಳೋ! ಬೀದಿಯೋರೆಲ್ಲ ಅಳ್ತಾವ್ರೆ, ಹೆತ್ತ ಮಗ ನೀನು ಪಿಳಿಪಿಳಿ ಅಂತ ಕಣ್ಬಿಡ್ತೀಯಲ್ಲೋ!”

ಹನ್ನೊಂದೂವರೆಯಾದರೂ ನಿರ್ಮಾಪಕರ ಸುಳಿವಿಲ್ಲ. ಕೊನೆಗೆ ಫೋನ್ ಬಂತು.

“ಪ್ರದ್ಯುಮ್ನ, ಸಮಾಧಾನ ಮಾಡ್ಕೊಳ್ಳಿ,” ಎಂದರು ಸಿದ್ದಪ್ಪಾಜಿ. “ಬೀದಿ ಕೊನೇಲಿ ಕಾರ್ ನಿಲ್ಸಿ ನೋಡ್ದೆ. ತಂದೆಯವರನ್ನ ಮಲಗ್ಸಿದ್ರಿ. ಅಳೋಕೂ ಶಕ್ತಿ ಇಲ್ದೆ ಕೂತಿದ್ರಿ ನೀವು. ನನ್ನ ಕಣ್ಣಲ್ಲಿ ನೀರು ಬಂದ್ಬುಡ್ತು. ಬೆಟ್ಟದ ಪೂಜೆ ಮುಗಿಸಿ ಪ್ರಸಾದ ತಂದಿದ್ದೆ, ಸಾವಿನ ಮನೆಗೆ ಬರೋ ಹಾಗಿರ್ಲಿಲ್ಲ.”

“ಸರ್, ಅದು ಸೀನು ಸರ್! ನೀವು ಕೇಳಿದ ಸೀನು!”

“ಸೋಮವಾರಾನೇ ಮುಹೂರ್ತ. ನಿಮಗೆ ಹದಿಮೂರು ದಿನ ಸೂತಕ. ಅದಕ್ಕೇ ನಮ್ಮ ಆಫೀಸಿನ ಹುಡುಗ ಧರಣಿನ ಡೈರೆಕ್ಟರ್ ಮಾಡಿ, ಈಗ ತಾನೇ ಎಲೆ ಅಡಿಕೆ ಕೊಟ್ಬುಟ್ಟೆ.”

“ನಮ್ಮಪ್ಪ ನಂಜನಗೂಡಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ ಸರ್! ಇದೆಲ್ಲ ಆಕ್ಟಿಂಗು!”

ಆ ಕಡೆ ಸಿದ್ದಪ್ಪಾಜಿ ಮೂಗು ಸೀಟಿದ ಸದ್ದು ಕೇಳಿಸಿತು. “ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ದೀರಿ. ಅಷ್ಟು ನಿಜವಾಗಿ ಆಕ್ಟಿಂಗ್ ಮಾಡ್ಸೋನು ಈ ಊರಲ್ಲಿ ಯಾರಿದ್ದಾನೆ ಹೇಳಿ? ಮಲಕ್ಕೊಳ್ಳಿ ಸ್ವಲ್ಪ.”

ಫೋನ್ ಕಟ್ಟಾಯಿತು. ಪ್ರದ್ಯುಮ್ನ ಚಟ್ಟದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಮರಿಯಯ್ಯ ಒಂದು ಕಣ್ಣು ತೆರೆದು ನೋಡಿ, ಗಾಬರಿಯಾಗಿ ಮತ್ತೆ ಮುಚ್ಚಿಕೊಂಡ.

ಪಾರ್ವತಮ್ಮ ಮೆಚ್ಚಿ ತಲೆದೂಗಿದರು. “ಹಾಂ, ಇದು ಅಳು ಅಂದ್ರೆ! ಆಗ್ಲೇ ಹಿಂಗೆ ಅಳೋಕೆ ಏನಾಗಿತ್ತೋ ನಿಂಗೆ?”