ಜೇಬಿನಿಂದ ಹೊರಬರದ ಚಾಕು

ಅಲಗಿಗೆ ಹನ್ನೆರಡು ರೂಪಾಯಿ, ಸ್ಪ್ರಿಂಗಿಗೆ ನಾಲ್ಕು, ಹಿಡಿಗೆ ಆರು. ಜೇಬುಚಾಕು ಮಾಡಲು ಅಷ್ಟು ಸಾಕಿತ್ತು. ದುಬಾರಿಯಾದದ್ದು ಯಜಮಾನರ ಬಾಯಿಗೆ ಆ ಬೆಳಿಗ್ಗೆ ಬಂದು ಕೂತ ‘ಹೊಸತನ’ ಎಂಬ ಮಾತು.

“ಎದುರಿನ ಕಾರ್ಖಾನೆಯವರು ಚಾಕುಗೆ ಬಾಚಣಿಗೆ ಸೇರಿಸಿದ್ದಾರಂತೆ! ಸಂಜೆ ದೊಡ್ಡ ವ್ಯಾಪಾರಿ ಬರ್ತಾರೆ. ಅದನ್ನ ಮೀರಿಸೋ ಅಂಥದ್ದು ಏನಾದ್ರೂ ಮಾಡು. ಇಲ್ಲದಿದ್ರೆ ನಾಳೆಯಿಂದ ನೀನು ಗೇಟಿನ ಆಚೆ.”

ಸ್ಪ್ರಿಂಗ್ ಕೂರಿಸಿ ಕೂರಿಸಿ ಸ್ಪ್ರಿಂಗಪ್ಪ ಎಂದೇ ಹೆಸರಾದವನು ಸಲಹೆ ಕೇಳುತ್ತಾ ಕಾರ್ಖಾನೆಯೆಲ್ಲ ಸುತ್ತಿದ.

ಸಲಹೆಗೇನು ಬರವೇ? ಪಾಲಿಶ್ ಹಾಕುವ ಭಾವಮೈದುನ ಹಲ್ಲು ಕಿರಿದ. “ಸೀಟಿ ಸೇರಿಸು ಭಾವ. ದಾರಿ ತಪ್ಪಿದ್ರೆ ಊದಬಹುದು.”

“ಚಮಚ ಇಲ್ಲದ ಚಾಕು ಒಂದು ಚಾಕುನಾ?” ಎಂದ ಕಾವಲಿನವ.

“ಪುಟ್ಟ ಕನ್ನಡಿ ಇರಲಿ ಕಣಪ್ಪ,” ಎಂದಳು ಲೆಕ್ಕ ಬರೆಯುವ ಅಕ್ಕ, ಸೇಬು ಹೆಚ್ಚುತ್ತಾ. ಅವಳ ಕೈಯಲ್ಲಿದ್ದದ್ದು ಸ್ಪ್ರಿಂಗಪ್ಪ ಹಿಂದೊಮ್ಮೆ ಎರಡನೇ ಅಲಗು ಕೂರಿಸಲು ಮರೆತು ಮುಚ್ಚಿಬಿಟ್ಟಿದ್ದ ಚಾಕು. ಅದರ ಬೆಲೆಯನ್ನು ಯಜಮಾನರು ಅವನ ಸಂಬಳದಲ್ಲೇ ಹಿಡಿದುಕೊಂಡಿದ್ದರು.

ಎಲ್ಲರ ಮಾತನ್ನೂ ಕೇಳಿ ಮಾಡಿದ ಹೊಸ ಚಾಕು ಹಲ್ಲುನೋವಿನ ದವಡೆಯಂತೆ ಊದಿಕೊಂಡಿತು.

“ಜೇಬುಚಾಕು ತಾನೇ? ಜೇಬಿಂದಲೇ ತೆಗೆದು ತೋರಿಸು,” ಎಂದರು ಯಜಮಾನರು. ಭಾವಮೈದುನ ಮಂಡಿ ಊರಿ, ಅದನ್ನು ಭಾವನ ಪ್ಯಾಂಟಿನ ಜೇಬಿಗೆ ತುರುಕಿದ.

ವ್ಯಾಪಾರಿ ಬಂದರು. ಸ್ಪ್ರಿಂಗಪ್ಪ ಕೈ ಹಾಕಿ ಎಳೆದ. ಚಾಕು ಬರಲಿಲ್ಲ. ಒಳಗೆ ಚಮಚ ಬಿಚ್ಚಿಕೊಂಡು ಬಟ್ಟೆಗೆ ಸಿಕ್ಕಿತ್ತು. ಬಾಲ ಹಿಡಿಯಹೊರಟ ನಾಯಿಯಂತೆ ಅವನು ಇದ್ದಲ್ಲೇ ಸುತ್ತತೊಡಗಿದ.

“ಸೀಟಿ ಊದು ಭಾವ!” ಎಂದು ಭಾವಮೈದುನ ಕೂಗಿದ.

“ಸುಮ್ನಿರೋ!” ಎನ್ನುತ್ತಾ ಅಕ್ಕ ಸೇಬು ಬದಿಗಿಟ್ಟು ಬಂದು, ತನ್ನ ಚಾಕುವಿನಿಂದ ಒಂದೇ ಸಲಕ್ಕೆ ಜೇಬು ಸೀಳಿದಳು. ಹೊಸತನ ದಡಾರನೆ ನೆಲಕ್ಕೆ ಬಿತ್ತು.

ವ್ಯಾಪಾರಿ ಅದರತ್ತ ನೋಡಲೂ ಇಲ್ಲ. ಅಕ್ಕನ ಚಾಕು ತೆಗೆದುಕೊಂಡು ಮಡಚಿದರು, ಬಿಚ್ಚಿದರು, ಜೇಬಿಗೆ ಹಾಕಿ ತೆಗೆದರು. “ತೆಳ್ಳಗಿದೆ, ಹಗುರ ಇದೆ. ಬೇಡದ್ದೆಲ್ಲ ತೆಗೆದುಬಿಟ್ಟಿದ್ದೀರಲ್ರೀ! ಹೊಸತನ ಅಂದ್ರೆ ಇದು. ಸಾವಿರ ಕಳಿಸಿ.”

“ಬಹಳ ಯೋಚನೆ ಮಾಡಿ ಮಾಡಿಸಿದ್ದು,” ಎಂದರು ಯಜಮಾನರು, ರೆಪ್ಪೆಯನ್ನೂ ಬಡಿಯದೆ.

ಸ್ಪ್ರಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ವ್ಯಾಪಾರಿ ಹೊರಟ ಮೇಲೆ, ಹರಿದ ಜೇಬನ್ನು ಕೈಯಿಂದ ಮುಚ್ಚಿಕೊಂಡು ಮೆಲ್ಲಗೆ ಕೇಳಿದ: “ಯಜಮಾನ್ರೇ, ಆ ಚಾಕುಗೆ ಅಂತ ಸಂಬಳದಲ್ಲಿ ಹಿಡಿದಿದ್ರಲ್ಲ...”

“ಮುಗಿದ ಲೆಕ್ಕ ಯಾಕೆ ಕೆದಕ್ತೀಯ? ಮುಂದಿಂದು ನೋಡು. ಈ ಸಾವಿರದಲ್ಲಿ ಒಂದಕ್ಕಾದ್ರೂ ಮರೆತು ಎರಡನೇ ಅಲಗು ಕೂರಿಸಿದ್ಯೋ, ಅದನ್ನೂ ಸಂಬಳದಲ್ಲೇ ಹಿಡೀತೀನಿ!”

ಕೆಲಸ ಉಳಿಯಿತು. ಪ್ಯಾಂಟು ಹೋಯಿತು.