ಎರಡು ಆಂಪ್ಲಿಫೈಯರ್, ಒಂದು ಮೂಲೆ

ಒಂದು ಗಿಟಾರಿಗೆ ಎರಡು ಆಂಪ್ಲಿಫೈಯರ್ ಯಾಕೆ ಬೇಕು ಎಂಬ ಪ್ರಶ್ನೆಯನ್ನು ಹೆಂಡತಿಯಾದವಳು ಕೇಳಬಾರದು. ಕೇಳಲೇಬೇಕಾದರೂ ಭಾನುವಾರ ಬೆಳಿಗ್ಗೆ, ಗಂಡ ಹೊಟ್ಟೆ ತುಂಬ ತಿಂಡಿ ತಿಂದು, ಗಿಟಾರಿನ ತಂತಿ ಬಿಗಿಮಾಡಿಕೊಳ್ಳುತ್ತ, ಲೋಕವನ್ನೇ ಕ್ಷಮಿಸಿಬಿಡುವ ಮನಸ್ಸಿನಲ್ಲಿರುವಾಗ ಕೇಳಬಾರದು. ಕನ್ನಡಕದಂಗಡಿಯ ಯಜಮಾನರ ಹೆಂಡತಿ ಸರಿಯಾಗಿ ಆಗಲೇ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಕೈಯಲ್ಲಿ ಅಳತೆ ಟೇಪು ಹಿಡಿದು ನಡುಮನೆಯ ಮೂಲೆಗೆ ನಡೆದರು. ಟೇಪು ಹಿಡಿದ ಹೆಂಗಸು ಬಾಯಿಮಾತಿಗೆ ಬಗ್ಗುವವಳಲ್ಲ ಎಂಬುದು ಯಜಮಾನರಿಗೆ ಅನುಭವದಿಂದ ಗೊತ್ತಿತ್ತು.

(ಯಜಮಾನರು ಎಂದರೆ ಅಂಗಡಿಗೆ. ಮನೆಯಲ್ಲಿ ಆ ಹುದ್ದೆ ಖಾಲಿ ಇಲ್ಲ.)

ಆ ಮೂಲೆಯಲ್ಲಿ ಗಿಟಾರಿನ ಸದ್ದು ಹೆಚ್ಚಿಸುವ ಎರಡು ಪೆಟ್ಟಿಗೆಗಳು ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ಒಂದು ಹಳೆಯದು, ಕಂದು ಬಣ್ಣದ್ದು, ಮುಂದಿನ ಬಟ್ಟೆ ಒಂದು ಕಡೆ ಹರಿದದ್ದು. ಅದು ಯಜಮಾನರ ಬ್ರಹ್ಮಚರ್ಯದ ಕಾಲದಿಂದ ಜೊತೆಗಿತ್ತು. ಇನ್ನೊಂದು ಹೊಸದು, ಕಪ್ಪು, ಮುಖದ ತುಂಬ ತಿರುಪು ಗುಂಡಿಗಳು. ಹೊಸದು ಮನೆಗೆ ಬಂದ ದಿನ, ಹಳೆಯದು ಅದೇ ಬಾಗಿಲಿನಿಂದ ಆಚೆ ಹೋಗುತ್ತದೆ ಎಂದು ಯಜಮಾನರು ಮಾತು ಕೊಟ್ಟಿದ್ದರು. ಬಾಗಿಲು ಪಾಪ ಅಂದಿನಿಂದ ಕಾಯುತ್ತಲೇ ಇತ್ತು.

ಹೆಂಡತಿಯ ಕಷ್ಟವೂ ಸುಳ್ಳಲ್ಲ. ಅವರು ಮನೆಯಲ್ಲೇ ಪರದೆ ಹೊಲಿದು ಕೊಡುವವರು. ಬಟ್ಟೆ ಕತ್ತರಿಸುವುದಕ್ಕೆ ಇದ್ದದ್ದು ಒಂದೇ ಜಾಗ, ಊಟದ ಮೇಜು. ಹೀಗಾಗಿ ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು, ಪರದೆ ಮಾತ್ರ ಮೇಜಿನ ಮೇಲೆ ಗಂಭೀರವಾಗಿ ಪವಡಿಸುತ್ತಿತ್ತು. ಮೊನ್ನೆ ಯಾರದೋ ಬಿಳಿಯ ಪರದೆಗೆ ಎಣ್ಣೆಯ ಕಲೆ ಬಿದ್ದು, ಮೊದಲಿನಿಂದ ಕತ್ತರಿಸಬೇಕಾಗಿ ಬಂದಾಗ ಆಕೆಯ ತಾಳ್ಮೆ ಮುಗಿದಿತ್ತು.

"ನನಗೊಂದು ಕತ್ತರಿಸೋ ಮೇಜು ಬೇಕು. ಬಡಗಿ ಇವತ್ತು ಅಳತೆ ತಗೊಳ್ಳೋಕೆ ಬರ್ತಾನೆ. ಅಷ್ಟರೊಳಗೆ ಒಂದು ಪೆಟ್ಟಿಗೆ ಆಚೆ ಹೋಗ್ಬೇಕು. ಯಾವುದು ಅಂತ ನೀವೇ ಹೇಳಿ. ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದೀನಿ."

"ಎರಡೂ ಬೇಕು ಕಣೇ. ಒಂದರ ಧ್ವನಿ ಇನ್ನೊಂದಕ್ಕೆ ಬರಲ್ಲ."

"ಇರೋದು ಒಂದು ಗಿಟಾರು, ನುಡಿಸೋರು ಒಬ್ಬರು, ಬರೋದು ಮೂರು ಹಾಡು. ಅದಕ್ಕೆ ಎರಡು ಪೆಟ್ಟಿಗೆನಾ?"

ಯಜಮಾನರು ಈ ಅವಮಾನವನ್ನು ನುಂಗಿಕೊಂಡರು. ಏಕೆಂದರೆ ಅವರ ಬಳಿ ಬ್ರಹ್ಮಾಸ್ತ್ರವಿತ್ತು. ಹಿಂದಿನ ದಿನವೇ ತಂದು ಬೀರುವಿನಲ್ಲಿ ಅಡಗಿಸಿಟ್ಟಿದ್ದ ಒಂದು ಪುಟ್ಟ ಲೋಹದ ಡಬ್ಬಿಯನ್ನು ತೆಗೆದು ನೆಲದ ಮೇಲಿಟ್ಟರು.

"ಇದೇನ್ರೀ, ಸೋಪಿನ ಡಬ್ಬಿ?"

"ಸೋಪಿನ ಡಬ್ಬಿ ಅಲ್ಲ. ಪೆಡಲ್ಲು. ನೋಡು, ಗಿಟಾರಿನ ವೈರು ಇಲ್ಲಿ ಒಳಗೆ ಹೋಗುತ್ತೆ. ಆ ಕಡೆ ಎರಡು ವೈರು ಆಚೆ ಬರುತ್ತೆ, ಒಂದು ಹಳೇದಕ್ಕೆ, ಒಂದು ಹೊಸದಕ್ಕೆ. ಈ ಗುಂಡೀನ ಕಾಲಲ್ಲಿ ಒತ್ತಿದರೆ ಅದು, ಮತ್ತೆ ಒತ್ತಿದರೆ ಇದು. ಪಕ್ಕದ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ!"

"ಎರಡು ದೋಣಿ ಮೇಲೆ ಕಾಲಿಡಬಾರದು ಅಂತ ಕೇಳಿದ್ದೆ. ಒಂದೇ ಕಾಲಲ್ಲಿ ಎರಡು ದೋಣಿ ನಡೆಸೋ ಯಂತ್ರನೂ ಬಂತಾ?" ಎಂದರು ಹೆಂಡತಿ. ಎಂದರೇನೋ ನಿಜ, ಆದರೆ ಬಗ್ಗಿ ನೋಡಿಯೂ ನೋಡಿದರು. ಆಕೆಯ ದೌರ್ಬಲ್ಯವೇ ಅದು. ಯಾವ ಯಂತ್ರ ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವವರೆಗೆ ಸಮಾಧಾನವಿಲ್ಲ. ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದವರು, ಒಂದು ಸ್ಕ್ರೂ ಮಿಕ್ಕಿದ್ದಕ್ಕೆ ಮತ್ತೊಮ್ಮೆ ಬಿಚ್ಚಿದವರು. ಈ ದೌರ್ಬಲ್ಯದ ಮೇಲೆಯೇ ಯಜಮಾನರು ಇಡೀ ಯುದ್ಧವನ್ನು ಹೂಡಿದ್ದರು.

ಯುದ್ಧಕ್ಕೆ ಸಾಕ್ಷಿಯಾಗಿ ಯಜಮಾನರ ತಾಯಿ ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದರು.

"ಈಗ ಕೇಳಿ," ಎಂದು ಯಜಮಾನರು ಗಿಟಾರು ಹೆಗಲಿಗೇರಿಸಿದರು. "ಇದು ಮೊದಲನೇದು." ತಂತಿ ಮೀಟಿದರು. ಕಾಲೊತ್ತಿದರು, ಟಕ್. "ಇದು ಎರಡನೇದು. ಯಾವುದು ಚೆನ್ನಾಗಿದೆ? ಮೊದಲನೇದಾ, ಎರಡನೇದಾ?"

ಇದು ಅವರ ಅಂಗಡಿಯ ಮಂತ್ರ. ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತ ದಿನವಿಡೀ ಇದನ್ನೇ ಜಪಿಸಿ ಜಪಿಸಿ, ಲೋಕದ ಯಾವ ವ್ಯಾಜ್ಯವನ್ನಾದರೂ ಈ ಎರಡು ಪದಗಳಲ್ಲಿ ತೀರ್ಮಾನಿಸಬಹುದು ಎಂಬ ದೃಢವಾದ ನಂಬಿಕೆ ಅವರಲ್ಲಿ ಬೇರೂರಿತ್ತು. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗಲೂ ಹಾಗೆಯೇ ಕೇಳಿದ್ದರೆಂದು ತಾಯಿಯ ಆರೋಪ. (ಎದುರಿಗೆ ಕೂತಿದ್ದವರು ಅಕ್ಕ, ತಂಗಿ ಇಬ್ಬರು. ಉತ್ತರ ಹೇಳಿದ್ದು ತಂಗಿ.)

"ಎರಡೂ ಚೆನ್ನಾಗೇ ಇದೆ," ಎಂದರು ಹೆಂಡತಿ. "ಒಟ್ಟಿಗೆ ಹಾಕಿ, ನೋಡೋಣ."

ಯಜಮಾನರು ಕಾಯುತ್ತಿದ್ದದ್ದೂ ಅದಕ್ಕೇ. ಎರಡೂ ಸೇರಿದರೆ ಮನೆಯ ಗೋಡೆ ಕರಗಬೇಕು, ಹೆಂಡತಿಯ ಮನಸ್ಸು ಅದಕ್ಕಿಂತ ಮೊದಲು ಕರಗಬೇಕು ಎಂದುಕೊಂಡು ಪಕ್ಕದ ಗುಂಡಿಯನ್ನು ಒತ್ತಿ, ಕೈಯೆತ್ತಿ ತಂತಿಗಳ ಮೇಲೆ ಬೀಸಿದರು.

ಡಬ್ಬದೊಳಗೆ ಸಿಕ್ಕಿಬಿದ್ದ ಸೊಳ್ಳೆಯಂಥ ಒಂದು ಬಡಕಲು ಸದ್ದು ಬಂತು.

ಬಟಾಣಿ ಸುಲಿಯುವ ಕೈ ನಿಂತಿತು. "ಎರಡೂ ಸೇರಿ ಒಂದಕ್ಕಿಂತ ಕಮ್ಮಿ ಆಯ್ತಲ್ಲೋ! ಇದು ಯಾವ ಲೆಕ್ಕ?"

"ಸ್ವಲ್ಪ ಇರಮ್ಮ. ವೈರು ಸಡಿಲ ಇರಬೇಕು." ವೈರು ಸಡಿಲವಿರಲಿಲ್ಲ. ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿದರು. ಸೊಳ್ಳೆಗೆ ಸಿಟ್ಟು ಬಂತೇ ಹೊರತು ಅದು ದಪ್ಪವಾಗಲಿಲ್ಲ. ಯಜಮಾನರ ಹಣೆಯಲ್ಲಿ ಬೆವರು ಮೂಡಿತು.

"ನುಡಿಸಲಾರದವನು ಪೆಟ್ಟಿಗೆ ಡೊಂಕು ಅಂದನಂತೆ," ಎಂದು ತಾಯಿ ಬಟಾಣಿಗೆ ಹೇಳಿದರು.

ಹೆಂಡತಿ ಮಾತ್ರ ನಗಲಿಲ್ಲ. ಆಕೆ ನೆಲದ ಮೇಲೆ ಮಂಡಿಯೂರಿ, ಒಂದು ಪೆಟ್ಟಿಗೆಗೆ ಕಿವಿ ಕೊಟ್ಟರು, ಆಮೇಲೆ ಇನ್ನೊಂದಕ್ಕೆ. "ಮತ್ತೆ ಮೀಟಿ. ಈಗ ಒಂದೇ ಹಾಕಿ. ಈಗ ಎರಡೂ. ಅಲ್ಲ ರೀ, ಬೇರೆಬೇರೆ ಇದ್ದಾಗ ಎರಡೂ ಗಟ್ಟಿ. ಸೇರಿದಾಗ ಮಾತ್ರ ಒಂದರ ಧ್ವನೀನ ಇನ್ನೊಂದು ನುಂಗ್ತಿದೆ. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತಿರಬೇಕು. ಎರಡು ತುಂಡು ಬಟ್ಟೆ ಸೇರಿಸುವಾಗ ಒಂದು ಉಲ್ಟಾ ಆಗಿರುತ್ತಲ್ಲ, ಹಾಗೆ. ಇದರಲ್ಲಿ ಯಾವುದೋ ಒಂದು ಉಲ್ಟಾ ಇದೆ."

"ಆಂಪ್ಲಿಫೈಯರಿಗೆ ಒಳಮೈ ಹೊರಮೈ ಇರಲ್ಲ ಕಣೇ!"

"ಮತ್ತೆ ಈ ಪಕ್ಕದಲ್ಲಿರೋ ಚಿಕ್ಕ ಗುಂಡಿ ಯಾಕಿದೆ?"

ಪೆಡಲ್ಲಿನ ಪಕ್ಕದಲ್ಲಿ ಒಂದು ಕಿರುಗುಂಡಿಯೂ, ಅದರ ಮೇಲೆ ಸೊನ್ನೆಗೆ ಓರೆಗೆರೆ ಎಳೆದ ಗುರುತೂ ಇದ್ದದ್ದು ನಿಜ. ಮುಟ್ಟಬಾರದು ಎಂದು ಅದರ ಅರ್ಥವಿರಬೇಕೆಂದು ತಿಳಿದು, ವಿಧೇಯರಾದ ಯಜಮಾನರು ಅದನ್ನು ಮುಟ್ಟಿರಲಿಲ್ಲ. ಹೆಂಡತಿ ಕೇಳುವ ಗೋಜಿಗೂ ಹೋಗದೆ ಅದನ್ನು ಆ ಕಡೆಗೆ ಸರಿಸಿದರು. "ಈಗ ಮೀಟಿ."

ಮೀಟಿದರು. ನಡುಮನೆ ತುಂಬಿಹೋಯಿತು. ಅಡುಗೆಮನೆಯ ಲೋಟಗಳು ಸಣ್ಣಗೆ ಝಲ್ಲೆಂದವು. ಹಳೆಯದರ ಒರಟು ದನಿಯ ಮೇಲೆ ಹೊಸದರ ನುಣುಪು ದನಿ ಹರಡಿಕೊಂಡು, ಒಬ್ಬರೇ ನುಡಿಸುತ್ತಿದ್ದರೂ ಇಬ್ಬರು ನುಡಿಸಿದಂತೆ ಕೇಳಿಸಿತು. ಹೆಂಡತಿಯ ಕಣ್ಣು ಅರಳಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ ರೀ! ಹೋಗ್ಲಿ ಬಿಡಿ, ಎರಡೂ ಇರಲಿ. ಗೋಡೆಗೆ ಮಡಚೋ ಥರದ ಚಿಕ್ಕ ಮೇಜು ಮಾಡಿಕೊಡು ಅಂತೀನಿ ಬಡಗಿಗೆ. ಹೇಗೋ ಸುಧಾರಿಸ್ತೀನಿ."

ಬುದ್ಧಿ ನೆಟ್ಟಗಿದ್ದ ಗಂಡಸು ಇಲ್ಲಿಗೆ ವೈರು ಸುತ್ತಿಟ್ಟು, ಹೋಗಿ ಹೆಂಡತಿಗೆ ಒಂದು ಲೋಟ ಕಾಫಿ ಮಾಡಿಕೊಡುತ್ತಿದ್ದ. ಆದರೆ ಯುದ್ಧ ಗೆದ್ದ ಮೇಲೂ ಕತ್ತಿ ಒರೆಗೆ ಹಾಕದವರ ಪೈಕಿ ನಮ್ಮ ಯಜಮಾನರು. ಅದಕ್ಕೆ ಸರಿಯಾಗಿ ಅವರ ತಾಯಿಯೂ ಬಾಯಿ ಹಾಕಿದರು.

"ಜೊತೇಲಿ ಚೆನ್ನಾಗಿದೆ, ಒಪ್ಪಿದೆ. ಒಂದೊಂದೇ ಕೇಳಿದ್ರೆ ನನಗೇನೂ ವ್ಯತ್ಯಾಸ ತಿಳೀಲಿಲ್ಲಪ್ಪ."

"ಅಮ್ಮಾ! ವ್ಯತ್ಯಾಸ ಇಲ್ವಾ? ಅಜಗಜಾಂತರ! ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದು ಹಳೇದು, ಇದು ಹೊಸದು ಅಂತ ಹೇಳ್ತೀನಿ."

"ಹೌದಾ?" ಹೆಂಡತಿಯ ದನಿಯಲ್ಲಿ ಕೊಂಕಿರಲಿಲ್ಲ, ಶುದ್ಧ ಕುತೂಹಲವಿತ್ತು. "ನೋಡದೇನೇ ಹೇಳ್ತೀರಾ?"

"ಗೋಡೆ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಹೇಳ್ತೀನಿ. ಪೆಡಲ್ ನೀನೇ ಒತ್ತು. ಒಂದೇ ಒಂದು ಸಲ ತಪ್ಪಿದರೂ ಒಂದು ಪೆಟ್ಟಿಗೇನ ನಾನೇ ಎತ್ತಿ ಆಚೆ ಇಡ್ತೀನಿ. ನಿನ್ನ ಮೇಜು ಎಷ್ಟಾದರೂ ದೊಡ್ಡದಾಗಲಿ!"

ಈ ಘೋರ ಪ್ರತಿಜ್ಞೆಗೆ ಯಾರೂ ಅವರನ್ನು ಒತ್ತಾಯಿಸಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಯಜಮಾನರು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಮೀಟತೊಡಗಿದರು. ಟಕ್. "ಹಳೇದು!" ಸರಿಯಾಗಿತ್ತು. ಟಕ್. "ಹೊಸದು!" ಅದೂ ಸರಿ. "ಅಬ್ಬ!" ಎಂದರು ಹೆಂಡತಿ, ನಿಜವಾಗಿಯೂ ಬೆರಗಾಗಿ. ಆ ಒಂದು 'ಅಬ್ಬ' ಯಜಮಾನರ ತಲೆಗೇರಿತು. ಇನ್ನು ಬರಿಯ ಹೆಸರು ಹೇಳಿದರೆ ಸಾಲದು, ಭಾಷ್ಯವನ್ನೂ ಬರೆಯಬೇಕೆನಿಸಿತು. ಕಣ್ಣು ಮುಚ್ಚಿಕೊಂಡೇ ಜೋರಾಗಿ ನುಡಿಸುತ್ತ ಹೋದರು.

ಟಕ್. "ಇದು ಹಳೇದು. ಕೇಳು, ಗಂಟಲು ಕಟ್ಟಿದ ಹಾಗಿದೆ. ಪಾಪ, ವಯಸ್ಸಾಯ್ತು."

ಟಕ್. "ಹಾಂ, ಇದು ಹೊಸದು! ಎಷ್ಟು ವಿಶಾಲ ನೋಡು. ಬಾಗಿಲು ತೆರೆದು ತಂಪುಗಾಳಿ ಒಳಗೆ ಬಂದ ಹಾಗಿಲ್ವಾ?" ನಿಜಕ್ಕೂ ಅವರ ಕತ್ತಿಗೆ ತಣ್ಣನೆಯ ಗಾಳಿ ಸೋಕಿದಂತಾಯಿತು. ಸಂಗೀತಕ್ಕೆ ಇಂಥ ಶಕ್ತಿಯಿದೆಯೆಂದು ಅವರು ಕೇಳಿದ್ದರು, ಅನುಭವಿಸಿದ್ದು ಅಂದೇ.

ಟಕ್. "ಹಳೇದು, ಗೊರಗೊರ. ಕಿವಿಗೆ ಮರಳು ಸುರಿದ ಹಾಗೆ."

ಟಕ್. "ಹೊಸದು! ಹೊಸದೇ!" ಆಗ ಎಲ್ಲಿಂದಲೋ ಧಡ್ ಎಂದು ನೆಲವೇ ನಡುಗಿತು. ಯಜಮಾನರಿಗೆ ಮೈ ಜುಮ್ಮೆಂದಿತು. "ಕೇಳಿಸ್ತಾ? ಆ ತೂಕ ಕೇಳಿಸ್ತಾ? ಅಂಗಾಲಿಗೆ ತಾಗ್ತಿದೆ ಕಣೇ! ಆ ಹಳೇ ಡಬ್ಬ ಏಳು ಜನ್ಮ ಎತ್ತಿದರೂ ಇಂಥ ಧ್ವನಿ ಬರಲ್ಲ. ಏನಮ್ಮಾ, ಈಗಲಾದರೂ ವ್ಯತ್ಯಾಸ ತಿಳೀತಾ?"

ತಾಯಿಯ ಕಡೆಯಿಂದ ಬಟಾಣಿ ತಟ್ಟೆ ಮಗುಚಿ ಬಿದ್ದ ಸದ್ದು ಬಂತು. ಯಜಮಾನರು ವಿಜಯದ ನಗು ನಗುತ್ತ ಕಣ್ಣು ತೆರೆದು ಹಿಂದಕ್ಕೆ ತಿರುಗಿದರು.

ಬಾಗಿಲು ಹಾರುಹೊಡೆದಿತ್ತು. ಮೂಲೆಯಲ್ಲಿ ಹಳೆಯ ಪೆಟ್ಟಿಗೆ ಒಂಟಿಯಾಗಿತ್ತು. ಹೊಸದಿದ್ದ ಜಾಗದಲ್ಲಿ ಬಡಗಿ ಕುಕ್ಕರಗಾಲಿನಲ್ಲಿ ಕೂತು, ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ಗೋಡೆ ಅಳೆಯುತ್ತಿದ್ದ. ಹೊಸ ಆಂಪ್ಲಿಫೈಯರು ಹೊಸ್ತಿಲಾಚೆ ಮೆಟ್ಟಿಲ ಮೇಲೆ, ಪ್ಲಗ್ಗಿನ ವೈರನ್ನು ತಲೆಗೆ ಸುತ್ತಿಕೊಂಡು, ಬೀದಿ ನೋಡುತ್ತ ಕೂತಿತ್ತು. ಧಡ್ ಎಂದದ್ದು ಬಡಗಿ ಅದನ್ನು ಅಲ್ಲಿ ಇಳಿಸಿದ ಸದ್ದು.

"ಅದು... ಯಾವಾಗಿಂದ ಅಲ್ಲಿದೆ?" ಎಂದರು ಯಜಮಾನರು.

"ನೀವು ಎರಡು ಸಲ ಸರಿಯಾಗಿ ಹೇಳಿದ್ರಲ್ಲ, ಆಗ ಬಡಗಿ ಬಂದ ರೀ. ಅತ್ತೆ ಬಾಗಿಲು ತೆಗೆದ್ರು. ಮೂಲೆ ಅಳೀಬೇಕು ಅಂದ. ಪೆಡಲ್ಲನ್ನ ಹಳೇದಕ್ಕೇ ಒತ್ತಿಟ್ಟು, ಹೊಸದನ್ನ ಆಫ್ ಮಾಡಿ, ಪ್ಲಗ್ಗು ಕಿತ್ತು, ಎತ್ತಿಸಿದೆ. ಆಮೇಲಿಂದ ನುಡಿದಿದ್ದೆಲ್ಲ ಹಳೇದೇ."

"ಮತ್ತೆ ಆ ಟಕ್ ಟಕ್?"

ಹೆಂಡತಿ ತೋರುಬೆರಳನ್ನು ಎತ್ತಿ ತೋರಿಸಿದರು. ಅದರ ತುದಿಯಲ್ಲಿ, ಸೂಜಿ ಚುಚ್ಚದಿರಲೆಂದು ಹೊಲಿಯುವಾಗ ಹಾಕಿಕೊಳ್ಳುವ ಲೋಹದ ಟೋಪಿ ಮಿನುಗುತ್ತಿತ್ತು. ಅದರಿಂದ ಪೆಡಲ್ಲಿನ ನೆತ್ತಿಯನ್ನು ಒಮ್ಮೆ ಕುಟ್ಟಿದರು, ಟಕ್. "ನಿಲ್ಲಿಸಿ ಅಂತ ಹೇಳೋಕೆ ಬಾಯಿ ತೆಗೆದಿದ್ದೆ ರೀ, ಆಣೆಗೂ. ಅಷ್ಟರಲ್ಲಿ ಏನು ಹೇಳ್ತೀರೋ ಕೇಳೋಣ ಅಂತ ಆಸೆ ಆಗೋಯ್ತು. ನೀವು ಅಷ್ಟೊಂದು ಹೇಳ್ತೀರಿ ಅಂತ ನನಗೇನು ಗೊತ್ತು?"

ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ದುಃಖದ ನೀರಲ್ಲ. ಯಜಮಾನರು ಇಡೀ ಮನೆಯಲ್ಲಿ ಒಬ್ಬರಾದರೂ ತಮ್ಮ ಪಕ್ಷದವರಿದ್ದಾರೆಯೇ ಎಂದು ನೋಡಿದರು. ಆಗ ಬಡಗಿ ತಲೆಯೆತ್ತಿ, ಬಹಳ ಮರ್ಯಾದೆಯಿಂದ ಹೇಳಿದ:

"ಸಾರ್, ನಾನೂ ಆವಾಗಿಂದ ಕೇಳಿಸ್ಕೊಂಡೆ. ಎರಡನೇದೇ ಚೆನ್ನಾಗಿತ್ತು."

ಅಂಥ ಬೆಂಬಲ ಶತ್ರುವಿಗೂ ಬೇಡ. ಯಜಮಾನರು ಗಿಟಾರನ್ನು ಕೆಳಗಿಟ್ಟರು. ಕಿವಿ ಎರಡೂ ಬಿಸಿಯಾಗಿದ್ದವು. ಇಷ್ಟು ವರ್ಷ ಆಡಿದ ಅಜಗಜಾಂತರದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದು ನಾಚಿಕೆಯಾಯಿತು.

"ಮೇಜು ಎಷ್ಟು ಉದ್ದ ಅಮ್ಮಾ?" ಎಂದ ಬಡಗಿ. ಹೆಂಡತಿ ಗಂಡನ ಮುಖ ನೋಡಿದರು. ಯಜಮಾನರು ಆ ಗೋಡೆಯಿಂದ ಈ ಗೋಡೆಯವರೆಗೆ ಕೈ ಬೀಸಿ ತೋರಿಸಿದರು. ಆಡಿದ ಮಾತಿಗೆ ತಪ್ಪುವವರಲ್ಲ ಅವರು, ಅದೂ ಸಾಕ್ಷಿಗಳ ಎದುರಿಗೆ.

ಆಕೆಗೆ ಪಾಪ ಎನಿಸಿರಬೇಕು. "ಕೆಳಗಡೆ ಒಂದು ಪೆಟ್ಟಿಗೆ ಹಿಡಿಸೋವಷ್ಟು ಜಾಗ ಬಿಡಪ್ಪ," ಎಂದರು. "ಇವರು ಕೂತು ನುಡಿಸಬಹುದು, ನಾನು ಕತ್ತರಿಸ್ತಾ ಕೇಳಬಹುದು."

"ಯಾವ ಪೆಟ್ಟಿಗೆ ಅಂತ ಈಗಲೇ ಹೇಳಿಬಿಡಿ ಸಾರ್," ಎಂದು ಬಡಗಿ ಪೆನ್ಸಿಲ್ಲು ಕೈಗೆ ತೆಗೆದುಕೊಂಡ. "ಇಲ್ಲಿರೋದಾ, ಆಚೆ ಇರೋದಾ?"

ಯಜಮಾನರು ಮೂಲೆಯನ್ನು ನೋಡಿದರು, ಮೆಟ್ಟಿಲನ್ನು ನೋಡಿದರು, ಆಮೇಲೆ ಗಿಟಾರಿನ ವೈರನ್ನು ಸುತ್ತತೊಡಗಿದರು.

"ಯಾವುದಾದರೂ ಆಗುತ್ತಪ್ಪ," ಎಂದರು.